ಇರಿ ಬಸ್ಸು

ಸಂಜೆ ನಾಲ್ಕೂಕಾಲಕ್ಕೆ ನನ್ನ ಬಸ್ಸು ಕಾಸರಗೋಡಿನಿಂದ ಬಂದು ನಮ್ಮ ಪೇಟೆಯ ಸ್ಟಾಂಡಿನಲ್ಲಿ ನಿಲ್ಲಬೇಕು. ಮಳೆಯಿರಲಿ, ಹರತಾಳದ ಮರುದಿನವಿರಲಿ, ನಾಲ್ಕೂಕಾಲು ಅಂದರೆ ನಾಲ್ಕೂಕಾಲು. ಶಾಲೆ ಬಿಟ್ಟ ಮಕ್ಕಳು ಅಷ್ಟು ಹೊತ್ತಿಗೆ ಸ್ಟಾಂಡಿನ ಶೆಡ್ಡಿನಡಿ ಸೇರಿರುತ್ತಾರೆ. ಕಳೆದ ವರ್ಷ ಒಂದಿಡೀ ಮಳೆಗಾಲ ನಾನು ಡ್ರೈವರನ ಹಿಂದಿನ ಸೀಟಿನಲ್ಲಿ ಕುಳಿತು ನೋಡಿದ್ದು ಇಷ್ಟೇ: ಮಕ್ಕಳು ತಲೆಯೆತ್ತಿ ನನ್ನ ಬಸ್ಸನ್ನು ನೋಡುತ್ತಿದ್ದರು, ಮತ್ತೆ ತಿರುಗಿ ತಮ್ಮ ಮಾತು ಮುಂದುವರಿಸುತ್ತಿದ್ದರು. ಅಗಲ್ಪಾಡಿ ದಾಟಿ ಅಡೂರಿನವರೆಗೆ ಹೋಗುವ ಬಸ್ಸು ಎದುರಿಗೇ ನಿಂತಿದೆ. ಅವರಿಗೆ ಹೋಗಬೇಕಾದದ್ದೂ ಅದೇ ದಾರಿ. ಆದರೂ ಒಬ್ಬರೂ ಕದಲುತ್ತಿರಲಿಲ್ಲ. ಅವರು ಕಾಯುತ್ತಿದ್ದದ್ದು ನನ್ನ ಹಿಂದೆ ಬರುವ ಬಸ್ಸಿಗೆ.

ಆ ಗುಂಪಿನಲ್ಲಿ ನನ್ನ ಮೊಮ್ಮಗಳೂ ಇದ್ದಳು.

ಏಳನೇ ಕ್ಲಾಸಿನ ಹುಡುಗಿ. ಬೆಳಿಗ್ಗೆ ನನ್ನ ಒಟ್ಟಿಗೆ ಕಾಫಿ ಕುಡಿದು, ನನ್ನ ಕೈಯಿಂದಲೇ ಜಡೆಯ ರಿಬ್ಬನ್ ಬಿಗಿ ಮಾಡಿಸಿಕೊಂಡು ಹೋಗುವವಳು. ಸಂಜೆ ಶೆಡ್ಡಿನಲ್ಲಿ ನನ್ನ ಕಣ್ಣು ತಪ್ಪಿಸಲು ಕಂಬದ ಹಿಂದೆ ಸರಿಯುತ್ತಿದ್ದಳು. ಕಂಬ ಸಪೂರ, ಬ್ಯಾಗು ದೊಡ್ಡದು. ಬ್ಯಾಗು ಕಾಣುತ್ತಿತ್ತು.

ಹೊಟ್ಟೆಕಿಚ್ಚು ಎಂಬ ಮಾತನ್ನು ನಾನು ಬೇರೆಯವರ ಬಗ್ಗೆ ಎಷ್ಟೋ ಸಲ ಹೇಳಿದ್ದೇನೆ. ಅದು ಸುಮ್ಮನೆ ಮಾತಿಗೆ ಹೇಳುವುದು ಎಂದುಕೊಂಡಿದ್ದೆ. ಅಲ್ಲ. ಎದೆಗಿಂತ ಸ್ವಲ್ಪ ಕೆಳಗೆ, ಹುಳಿತೇಗು ಏಳುವ ಜಾಗದಲ್ಲಿ, ನಿಜವಾಗಿಯೂ ಉರಿಯುತ್ತದೆ.

ನಾನು ಹಾಸ್ಟೆಲಿನಲ್ಲಿ ಬೆಳೆದವನು. ಏಳಲಿಕ್ಕೆ ಗಂಟೆ, ಮೀಯಲಿಕ್ಕೆ ಗಂಟೆ, ಗಂಜಿಗೆ ಗಂಟೆ, ಓದಲಿಕ್ಕೆ ಗಂಟೆ. ಆ ಗಂಟೆ ಬಾರಿಸುವ ಕೆಲಸವನ್ನು ವಾರ್ಡನ್ನರು ನನಗೇ ಕೊಟ್ಟಿದ್ದರು. ಆಮೇಲೆ ಕಾಸರಗೋಡು ಸ್ಟಾಂಡಿನಲ್ಲಿ ಟೈಮ್ ಕೀಪರ್ ಆದೆ. ಯಾವ ಬಸ್ಸು ಯಾವಾಗ ಬಂತು, ಯಾವಾಗ ಹೊರಟಿತು ಎಂದು ನೋಡುವುದು, ತಡವಾದವರನ್ನು ಗದರಿಸುವುದು. ಅಲ್ಲಿಂದ ಸ್ವಂತ ಬಸ್ಸು. ಒಂದೇ ಬಸ್ಸು, ಒಂದೇ ರೂಟು. ಎರಡನೆಯದು ಮಾಡಬಹುದಿತ್ತು, ಮಾಡಲಿಲ್ಲ. ನನ್ನ ಕಣ್ಣಿನ ಎದುರು ಇಲ್ಲದ ಬಸ್ಸು ಹೊತ್ತಿಗೆ ಸರಿಯಾಗಿ ಹೊರಡುತ್ತದೆ ಎಂಬ ನಂಬಿಕೆ ನನಗಿಲ್ಲ. ಈಗಲೂ ಸಂಜೆಯ ಟ್ರಿಪ್ಪಿನಲ್ಲಿ ನಾನು ಇರಲೇಬೇಕು.

ಹಿಂದಿನ ಬಸ್ಸಿನ ಮಾಲೀಕನೂ ಅದೇ ಹಾಸ್ಟೆಲಿನವನು, ನನ್ನದೇ ಕ್ಲಾಸು. ಗಂಜಿಯ ಗಂಟೆ ಹೊಡೆದು, ಎಲ್ಲರೂ ಕೂತು, ಉಪ್ಪಿನಕಾಯಿ ಬಡಿಸಿ ಆದ ಮೇಲೆ ಒದ್ದೆ ತಲೆಯಲ್ಲಿ ಓಡಿ ಬರುವವನು. ಎಡನೀರಿಗೆ ತಾಳಮದ್ದಳೆ ಕೇಳಲು ನಡೆದುಕೊಂಡು ಹೋದರೆ ನಾವು ಅರ್ಥ ಕೇಳಿ ವಾಪಸು ಹೊರಡುವಾಗ ಇವನು ಎದುರು ಸಿಗುತ್ತಿದ್ದ. ನನ್ನನ್ನು ‘ಗಂಟೆ’ ಎಂದು ಕರೆಯಲು ಶುರುಮಾಡಿದವನೂ ಅವನೇ. ಎಷ್ಟೋ ವರ್ಷ ಗಲ್ಫಿನಲ್ಲಿದ್ದು ಬಂದು, ಸುಮ್ಮನೆ ಕೂರಲಾಗದೆ, ಯಾರೋ ಬಿಟ್ಟುಕೊಟ್ಟ ಬಸ್ಸನ್ನು ಪರ್ಮಿಟ್ಟಿನ ಸಮೇತ ತೆಗೆದುಕೊಂಡ. ಸಿಕ್ಕಿದ ಟೈಮಿಂಗು ನನ್ನ ಬೆನ್ನಿಗೆ. ಮೊದಲ ದಿನ ಸ್ಟಾಂಡಿನಲ್ಲಿ ನನ್ನ ಕಿಟಕಿಗೆ ತಟ್ಟಿ ಹೇಳಿದ: “ಎಂತ ಗಂಟೆ, ಇಲ್ಲಿಯೂ ನೀನೇ ಮುಂದೆ, ನಾನೇ ಹಿಂದೆ. ಪರವಾಗಿಲ್ಲ ಮಾರಾಯ, ಅಭ್ಯಾಸ ಉಂಟು.”

ನನಗೆ ಅವತ್ತು ಹೆದರಿಕೆ ಇರಲಿಲ್ಲ. ಹೊತ್ತಿಗೆ ಬಾರದ ಬಸ್ಸನ್ನು ಯಾರು ಕಾಯುತ್ತಾರೆ?

ಮಕ್ಕಳು ಕಾದರು. ಯಾಕೆಂದು ತಿಳಿಯಬೇಕಾದರೆ ನಮ್ಮ ಕಡೆಯ ಬಸ್ಸಿನ ಒಂದು ಕ್ರಮವನ್ನು ಹೇಳಬೇಕು. ಶಾಲೆಯ ಮಕ್ಕಳಿಗೆ ಇಲ್ಲಿ ಖಾಸಗಿ ಬಸ್ಸಿನಲ್ಲಿ ಕನ್ಸೆಶನ್ ಉಂಟು. ಅದು ಸರಕಾರ ಮಾಡಿದ್ದು. ಅದಕ್ಕೆ ಪ್ರತಿಯಾಗಿ ಬಸ್ಸಿನವರು ಮಾಡಿಕೊಂಡದ್ದು ಇನ್ನೊಂದು ಉಂಟು. ಅದು ಯಾವ ಕಾಗದದಲ್ಲೂ ಇಲ್ಲ. ಬಸ್ಸು ಸ್ಟಾಂಡಿನಲ್ಲಿ ನಿಂತಿರುವಷ್ಟು ಹೊತ್ತು ಮಕ್ಕಳು ಬಾಗಿಲಿನ ಹೊರಗೆ ಸಾಲಾಗಿ ನಿಲ್ಲಬೇಕು. ಫುಲ್ ಟಿಕೆಟಿನವರು ಹತ್ತಿ ಕೂತು, ಡ್ರೈವರು ಇಂಜಿನು ಸ್ಟಾರ್ಟ್ ಮಾಡಿದ ಮೇಲೆ, ಕಂಡಕ್ಟರು ಹತ್ತಿ ಎಂದಾಗ ಓಡಿ ಹತ್ತಬೇಕು. ಸೀಟು ಖಾಲಿ ಇದ್ದರೂ ಕೂರಬಾರದು. ಬಿಸಿಲಾದರೆ ಬಿಸಿಲಿನಲ್ಲಿ, ಮಳೆಯಾದರೆ ಕೊಡೆ ಬಿಡಿಸಿಕೊಂಡು ನಿಲ್ಲುವುದು. ಹಿಂದೆ ನಾನು ಟೈಮ್ ಕೀಪರ್ ಆಗಿದ್ದಾಗಲೂ ಹಾಗೆಯೇ, ಈಗಲೂ ಹಾಗೆಯೇ.

ನನ್ನ ಬಸ್ಸಿನಲ್ಲಿ ಈ ಕ್ರಮವನ್ನು ಮರ್ಯಾದೆಯಿಂದ ನಡೆಸುತ್ತಿದ್ದೆವು. ಬೇರೆ ಬಸ್ಸಿನವರು ಮಕ್ಕಳನ್ನು ‘ಹೋಗು ಆಚೆ’ ಎನ್ನುತ್ತಿದ್ದರು, ಬಾಗಿಲಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ನನ್ನ ಕಂಡಕ್ಟರು ಹಾಗೆ ಮಾಡಕೂಡದು. ‘ಇರಿ’ ಎನ್ನಬೇಕು. ಚಿಕ್ಕವರಾದರೂ ‘ಇರು’ ಅಲ್ಲ, ‘ಇರಿ’. ಕೈ ಅಡ್ಡ ಹಿಡಿಯುವುದಲ್ಲ, ಅಂಗೈಯನ್ನು ಕೆಳಗೆ ಮಾಡಿ ಮೆತ್ತಗೆ ಎರಡು ಸಲ ಗಾಳಿಯಲ್ಲಿ ತಟ್ಟಬೇಕು. ಎಷ್ಟು ಕಂಡಕ್ಟರುಗಳು ಬದಲಾದರೂ ಇದನ್ನು ನಾನು ಕಲಿಸಿಯೇ ಬಾಗಿಲಿಗೆ ಬಿಡುತ್ತಿದ್ದೆ. ನಮ್ಮ ಪೇಟೆಯ ಮಕ್ಕಳು ಆ ಮಾತಿಗೂ ಆ ಸನ್ನೆಗೂ ಎಷ್ಟು ಒಗ್ಗಿದ್ದರೆಂದರೆ, ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ಸಾಲು ನೆಟ್ಟಗಾಗುತ್ತಿತ್ತು. ನೋಡಲು ಚಂದ.

ಇದಲ್ಲದೆ ಆ ಮಕ್ಕಳ ಶಾಲೆಗೆ ನಾನು ಒಂದು ಗಡಿಯಾರ ಕೊಟ್ಟಿದ್ದೇನೆ. ಸಭಾಂಗಣದ ಗೋಡೆಗೆ ಹಾಕುವಂಥದ್ದು, ದೂರದಿಂದಲೂ ಕಾಣುವ ಅಂಕಿಗಳು. ಊರಿನ ವ್ಯಾಪಾರಿಗಳು ಮಕ್ಕಳಿಗಾಗಿ ಎಂತಾದರೂ ಮಾಡಬೇಕು ಎಂಬುದರಲ್ಲಿ ನನಗೆ ಎಂದೂ ಅನುಮಾನ ಇರಲಿಲ್ಲ.

ಹಿಂದಿನ ಬಸ್ಸಿನವನು ಗಡಿಯಾರ ಕೊಡಲಿಲ್ಲ. ಅವನ ಕೈಗೆ ಕಟ್ಟಿದ ವಾಚೂ ಗಲ್ಫಿನ ಸಮಯವನ್ನೇ ತೋರಿಸುತ್ತಿತ್ತೋ ಏನೋ. ಅವನು ಮಾಡಿದ್ದು ಇಷ್ಟು: ಬಸ್ಸು ಸ್ಟಾಂಡಿಗೆ ಬಂದು ನಿಂತ ಕೂಡಲೇ ತಾನೇ ಬಾಗಿಲಿನಿಂದ ಇಳಿದು “ಬಲೆ ಜೋಕುಲೆ, ಕುಲ್ಲುಲೆ” ಎಂದು ತುಳುವಿನಲ್ಲಿ ಕೂಗುವುದು. ಬನ್ನಿ ಮಕ್ಕಳೇ, ಕೂತುಕೊಳ್ಳಿ. ಮಕ್ಕಳು ಹತ್ತಿ ಕೂರುತ್ತಿದ್ದರು. ಇಬ್ಬರ ಸೀಟಿನಲ್ಲಿ ಮೂವರು. ಬ್ಯಾಗುಗಳೆಲ್ಲ ಡ್ರೈವರನ ಪಕ್ಕದ ಬಾನೆಟ್ಟಿನ ಮೇಲೆ ರಾಶಿ. ಇಳಿಯುವಾಗ ಯಾರ ಬ್ಯಾಗು ಯಾರದ್ದೆಂದು ಹುಡುಕಾಟ, ಅದಕ್ಕೊಂದಷ್ಟು ಹೊತ್ತು. ಯಾರಾದರೂ ಸಣ್ಣವರು ನಿದ್ದೆ ಹೋದರೆ ಇವನೇ ಎತ್ತಿಕೊಂಡು ಇಳಿದು, ಗೇಟಿನವರೆಗೆ ನಡೆದು, ಅಲ್ಲಿ ತಾಯಿಯೊಡನೆ ಮಾತಾಡಿ ಬರುವುದು. ಬಸ್ಸು ನಡುರಸ್ತೆಯಲ್ಲಿ ನಿಂತಿರುತ್ತಿತ್ತು. ಇದು ಬಸ್ಸು ನಡೆಸುವ ರೀತಿಯೇ? ಫುಲ್ ಟಿಕೆಟಿನವರು ಎರಡು ವಾರದಲ್ಲಿ ಅವನನ್ನು ಬಿಟ್ಟು ನನ್ನ ಬಸ್ಸಿಗೆ ಬರುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಕೆಲವರು ಬಂದರು. ಆದರೆ ಶನಿವಾರ ಪೇಟೆಗೆ ಹೋಗುವ ತಾಯಂದಿರು ಅವನ ಬಸ್ಸಿಗೇ ಹತ್ತತೊಡಗಿದರು, ಅವರ ಹಿಂದೆ ಅತ್ತೆಯರು, ಅವರ ಹಿಂದೆ ಅವರ ಗಂಡಂದಿರು. ಒಂದು ದಿನ ಕಿಟಕಿಯಲ್ಲಿ ಹಲ್ಲು ಬಿಟ್ಟು ಅವನೇ ಹೇಳಿದ: “ಮಕ್ಕಳು ಕೂತ ಬಸ್ಸಿಗೆ ಮನೆಯವರೆಲ್ಲ ಹತ್ತುತ್ತಾರೆ ಮಾರಾಯ. ನಾನು ಲೆಕ್ಕ ಹಾಕಿ ಮಾಡಿದ್ದಲ್ಲ, ದೇವರಾಣೆ.”

ಲೆಕ್ಕ ಹಾಕಿ ಮಾಡಿದ್ದಾದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಶಾಲೆಯ ವಾರ್ಷಿಕೋತ್ಸವಕ್ಕೆ ನನಗೂ ಆಮಂತ್ರಣ ಬಂತು. ಮಕ್ಕಳ ಕ್ಷೇಮಕ್ಕೆ ನೆರವಾದ ವ್ಯಾಪಾರಿಗಳಿಗೆ ಸನ್ಮಾನ ಎಂದು ಅಚ್ಚಾಗಿತ್ತು. ನಾನು ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಕಾರ್ಯಕ್ರಮ ಶುರುವಾಗುವ ಹೊತ್ತಿಗಿಂತ ಮೊದಲೇ ಹೋಗಿ ಎರಡನೇ ಸಾಲಿನಲ್ಲಿ ಕುಳಿತೆ. ನನ್ನ ಗಡಿಯಾರ ವೇದಿಕೆಯ ಮೇಲ್ಗಡೆ ಇತ್ತು. ಸ್ವಲ್ಪ ಮುಂದೆ ಓಡುತ್ತಿತ್ತು, ಯಾರೂ ಸರಿಮಾಡಿರಲಿಲ್ಲ. ಮೊದಲು ಸ್ಟಾಂಡಿನ ಟೈಲರನ್ನು ಕರೆದರು. ಮಕ್ಕಳು ಬಸ್ಸು ಕಾಯುವಾಗ ಹರಿದ ಬ್ಯಾಗಿನ ಪಟ್ಟಿಯನ್ನು ಆತ ಮೆಷಿನಿನಲ್ಲಿ ಒಂದು ಹೊಲಿಗೆ ಓಡಿಸಿ ಕೊಡುತ್ತಾನಂತೆ. ಆಮೇಲೆ ಫ್ಯಾನ್ಸಿ ಅಂಗಡಿಯ ಹೆಂಗಸು. ಹೆಣ್ಣುಮಕ್ಕಳು ಯಾವಾಗ ಬಂದು ಕೇಳಿದರೂ ಅಂಗಡಿಯ ಹಿಂದಿನ ಬಾತ್‌ರೂಮಿನ ಬೀಗದ ಕೈ ಕೊಡುತ್ತಾಳೆ, ಎಂತಕ್ಕೆ ಎಂದು ಕೇಳುವುದಿಲ್ಲ. ಕೊನೆಗೆ ಅವನು. ಅವನು ಇನ್ನೂ ಬಂದಿರಲಿಲ್ಲ. ಸಭೆ ಕಾಯಿತು. ಹೆಡ್ ಟೀಚರ್ ಒಂದು ಮಗುವಿನಿಂದ ಹಾಡು ಹಾಡಿಸಿ ಹೊತ್ತು ತುಂಬಿಸಿದರು. ಅವನು ಬಂದಾಗ ಮಕ್ಕಳು ಹೊಡೆದ ಚಪ್ಪಾಳೆಗೆ ಛಾವಣಿಯ ಶೀಟು ಹಾರಿಹೋಗುತ್ತದೋ ಎನಿಸಿತು. ಈ ಮೂವರೂ ತಮ್ಮ ಅಂಗಡಿಯೊಳಗೆ ಇದ್ದದ್ದನ್ನೇ ಕೊಟ್ಟವರು ಎಂದು ಹೆಡ್ ಟೀಚರ್ ಹೇಳಿದರು: ಮೆಷಿನು, ಬೀಗದ ಕೈ, ಸೀಟು. ಸರಿಯಾಗಿ ನನ್ನ ಗಡಿಯಾರದ ಕೆಳಗೆ ನಿಂತು ಅವನು ಶಾಲು ಹೊದ್ದುಕೊಂಡ.

ನನ್ನ ವಿಷಯ ವಂದನಾರ್ಪಣೆಯಲ್ಲಿ ಬಂತು. “ಗಡಿಯಾರ ಕೊಟ್ಟ ಮಹನೀಯರೂ ಸಭೆಯಲ್ಲಿದ್ದಾರೆ.” ಆಗ ಜನ ಕುರ್ಚಿ ಎಳೆದು ಎದ್ದು ಚಹಾದ ಕಡೆ ಹೊರಟಿದ್ದರು.

ಅವತ್ತು ಮನೆಗೆ ಬಂದು ಅಂಗಿ ಬಿಚ್ಚದೆ ಚಾವಡಿಯಲ್ಲಿ ಕುಳಿತೆ. ಮೊಮ್ಮಗಳು ಅವಲಕ್ಕಿ ತಿನ್ನುತ್ತಿದ್ದಳು. ಮಗಳು, ಅಳಿಯ ಎಲ್ಲರೂ ನಮ್ಮ ಒಟ್ಟಿಗೇ ಇರುವುದು. ಇವಳು ಹುಟ್ಟಿದಂದಿನಿಂದ ಇದೇ ಚಾವಡಿ. ನಾನು ಕೇಳಿಯೇ ಬಿಟ್ಟೆ.

“ನನ್ನ ಬಸ್ಸಿಗೆ ನೀನು ಯಾಕೆ ಹತ್ತುವುದಿಲ್ಲ?”

“ಸುಮ್ಮನೆ ಅಜ್ಜ.”

“ಸುಮ್ಮನೆ ಅಂದರೆ ಎಂತ? ನಿನ್ನ ಮಟ್ಟಿಗೆ ಸೀಟು ಉಂಟಲ್ಲ. ನನ್ನ ಪಕ್ಕದ ಸೀಟು. ಯಾರನ್ನೂ ಕೂರಿಸುವುದಿಲ್ಲ ಅಲ್ಲಿ.”

ಅವಳು ಅವಲಕ್ಕಿಯಲ್ಲಿದ್ದ ಕೊಬ್ಬರಿ ಚೂರುಗಳನ್ನು ಒಂದು ಬದಿಗೆ ಸರಿಸಿದಳು. “ಅದೇ ಅಜ್ಜ. ನಾನು ಕೂತಿರುತ್ತೇನೆ. ಅವರೆಲ್ಲ ಹೊರಗೆ ಸಾಲಿನಲ್ಲಿ ನಿಂತಿರುತ್ತಾರೆ. ಕಿಟಕಿಯಿಂದ ನನ್ನನ್ನು ನೋಡ್ತಾರೆ. ನನಗೆ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗುವುದಿಲ್ಲ.”

“ಅವರು ನಿಂತರೆ ನಿನಗೆಂತ?”

“ಆ ಬಸ್ಸಿನಲ್ಲಿ ನಾವು ಮೂರು ಜನ ಒಂದೇ ಸೀಟು. ನಾನು ಕಿಟಕಿ ಹತ್ತಿರ ಸೋಮವಾರ ಮಾತ್ರ.” ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ವಾರಕ್ಕೊಮ್ಮೆ ಸಿಗುವ ಕಿಟಕಿ! ನನ್ನಲ್ಲಿ ದಿನಾ ಕಿಟಕಿಯೇ.

ಒಳಗಿನಿಂದ ನನ್ನ ಹೆಂಡತಿಯ ಸ್ವರ ಕೇಳಿತು. “ನಿಮ್ಮ ಬಸ್ಸಿಗೆ ನಾನೇ ಹತ್ತುವುದಿಲ್ಲ. ಹತ್ತಿದ ಕೂಡಲೇ ಸೆರಗು ಸರಿಮಾಡು, ಚೀಲ ಕಾಲಡಿ ಇಡು, ಚಿಲ್ಲರೆ ತೆಗೆದಿಡು. ದೇವಸ್ಥಾನಕ್ಕೆ ಹೋಗುವುದೋ ಜೈಲಿಗೋ ಅಂತ ಆಗುತ್ತದೆ. ಇನ್ನು ಮಕ್ಕಳು!”

ನನ್ನ ತಲೆಯಲ್ಲಿ ಒಂದೇ ವಿಷಯ ಓಡುತ್ತಿತ್ತು. ಅವನು ಕೂರಿಸುತ್ತಾನೆಂದರೆ ನಾನೂ ಕೂರಿಸುತ್ತೇನೆ. ಅವನಿಗಿಂತ ಚೆನ್ನಾಗಿ ಕೂರಿಸುತ್ತೇನೆ. ಇಬ್ಬರ ಸೀಟಿನಲ್ಲಿ ಇಬ್ಬರೇ, ಬ್ಯಾಗು ಮೇಲಿನ ಕ್ಯಾರಿಯರಿನಲ್ಲಿ, ಎಲ್ಲವೂ ಕ್ರಮದಲ್ಲಿ, ಎಲ್ಲವೂ ಹೊತ್ತಿಗೆ. ಮಕ್ಕಳ ಮೇಲಿನ ಪ್ರೀತಿಯಿಂದ ಹೀಗೆ ತೀರ್ಮಾನಿಸಿದೆ ಎಂದು ಹೇಳಿದರೆ ಚಂದ ಕಾಣುತ್ತದೆ. ಆದರೆ ಆ ರಾತ್ರಿ ನನ್ನ ಕಣ್ಣಿಗೆ ಕಂಡದ್ದು ಮಕ್ಕಳಲ್ಲ, ಖಾಲಿ ಬಸ್ಸಿನ ಬಾಗಿಲಲ್ಲಿ ಜೋಲು ಮುಖ ಹಾಕಿ ನಿಂತ ಅವನು.

ಮರುದಿನ ಡ್ರೈವರನಿಗೆ ಹೇಳಿದೆ: ಇವತ್ತಿನಿಂದ ಮಕ್ಕಳು ಮೊದಲು ಹತ್ತಬೇಕು, ಕೂರಬೇಕು. ಅವನು ನಮ್ಮಲ್ಲಿ ಬಹಳ ವರ್ಷದಿಂದ ಇರುವವನು. ಕನ್ನಡಿಯಲ್ಲಿ ನನ್ನನ್ನೇ ನೋಡಿ, “ಧಣಿ, ಜ್ವರ ಉಂಟಾ?” ಎಂದ.

ಕಂಡಕ್ಟರು ಹೊಸಬ. ತೆಂಕಣ ಜಿಲ್ಲೆಯ ಮಲಯಾಳಿ; ನಮ್ಮಲ್ಲಿಗೆ ಬಂದು ಎರಡು ದಿನವೂ ತುಂಬಿರಲಿಲ್ಲ, ಬಾಗಿಲಲ್ಲಿ ನಿಲ್ಲುವುದು ಅವತ್ತೇ ಮೊದಲು. ಕನ್ನಡದಲ್ಲಿ ಒಂದು ಅಕ್ಷರ ಬಾರದು, ತುಳು ಎಂಬ ಭಾಷೆ ಉಂಟು ಎಂಬುದೇ ಅವನಿಗೆ ಸುದ್ದಿ. ಹಳೆಯ ಕಂಡಕ್ಟರನಿಗೆ ಕಲಿಸಿದ್ದ ‘ಇರಿ’ಯನ್ನು ಇವನಿಗೆ ಕಲಿಸುವ ಅಗತ್ಯ ಬೀಳಲಿಲ್ಲ, ಕ್ರಮವೇ ಬದಲಾಯಿತಲ್ಲ. ಚೆರ್ಕಳದಿಂದ ಎಡನೀರಿನವರೆಗೆ ಅವನ ಪಕ್ಕ ನಿಂತು ಮಲಯಾಳದಲ್ಲಿ ಬಿಡಿಸಿ ಹೇಳಿದೆ: ಮಕ್ಕಳನ್ನು ಹೊರಗೆ ನಿಲ್ಲಿಸಬೇಡ, ಪ್ರೀತಿಯಿಂದ ಕರೆದು ಕೂರಿಸು. “ಶರಿ ಮುದಲಾಳಿ,” ಎಂದ. ಮಾಲೀಕನನ್ನು ಹಾಗೆ ಕರೆಯುವುದು ಅವರ ಕ್ರಮ. ಅವನಿಗೆ ಖುಷಿಯೂ ಆಯಿತು. ಊರಿನಲ್ಲಿ ಅವನಿಗೂ ಶಾಲೆಗೆ ಹೋಗುವ ತಂಗಿ ಇದ್ದಾಳಂತೆ.

ನಾಲ್ಕೂಕಾಲಕ್ಕೆ ಸ್ಟಾಂಡು. ಮಕ್ಕಳು ಶೆಡ್ಡಿನಲ್ಲಿದ್ದರು. ಕಂಬದ ಹಿಂದೆ ಬ್ಯಾಗು ಇತ್ತು. ನಾನು ಡ್ರೈವರನ ಹಿಂದೆ ನೆಟ್ಟಗೆ ಕುಳಿತೆ. ಕಂಡಕ್ಟರು ಬಾಗಿಲ ಮೆಟ್ಟಿಲಿನಿಂದ ಹೊರಗೆ ಬಾಗಿ, ಒಂದು ಕೈಯಲ್ಲಿ ಟಿಕೆಟ್ ಮೆಷಿನು ಹಿಡಿದು, ಇನ್ನೊಂದು ಅಂಗೈಯನ್ನು ಕೆಳಗೆ ಮಾಡಿ ಗಾಳಿಯಲ್ಲಿ ತಟ್ಟುತ್ತಾ ನಗುಮುಖದಿಂದ ಕರೆದ:

“ಇರಿ ಮಕ್ಕಳೇ, ಇರಿ!”

ಮಲಯಾಳದಲ್ಲಿ ‘ಇರಿ’ ಎಂದರೆ ಕುಳಿತುಕೋ. ಮಕ್ಕಳಿಗೂ ಅವರಲ್ಲಿ ಮಕ್ಕಳೇ ಎಂದೇ ಹೇಳುವುದು. ಅರ್ಧ ದಾರಿಯಿಂದ ಅವನೊಡನೆ ಮಲಯಾಳ ಮಾತಾಡುತ್ತಿದ್ದ ನನ್ನ ಕಿವಿಗೆ ಅದು ಸರಿಯಾಗಿಯೇ ಕೇಳಿತು.

ಮಕ್ಕಳು ಶೆಡ್ಡಿನಿಂದ ಹೊರಗೆ ಬಂದರು. ನನ್ನ ಎದೆ ಹಗುರಾಯಿತು. ಬಂದವರು ಬಾಗಿಲಿನಿಂದ ಎರಡು ಮಾರು ದೂರದಲ್ಲಿ, ಎತ್ತರದ ಪ್ರಕಾರ ಸಾಲಾಗಿ ನಿಂತುಕೊಂಡರು.

“ಇರಿ, ಇರಿ,” ಎಂದು ಅವನು ಮತ್ತೂ ಬಾಗಿದ.

“ಇದ್ದೇವಲ್ಲ ಅಂಕಲ್!” ಎಂದಿತು ಮುಂದಿನ ಸಣ್ಣ ಹುಡುಗಿ.

ಅವನಿಗೆ ಅರ್ಥವಾಗಲಿಲ್ಲ. ಸ್ವರ ಎತ್ತಿದ. ಬಸ್ಸಿನೊಳಗೆ ಕೈ ತೋರಿಸಿ, ಮತ್ತೆ ಅಂಗೈ ತಟ್ಟಿ, “ಇರಿ! ಎಲ್ಲಾವರುಂ ಇರಿ!” ಎಂದ. ಮಕ್ಕಳು ಒಂದು ಹೆಜ್ಜೆ ಹಿಂದೆ ಸರಿದರು. ಫುಲ್ ಟಿಕೆಟಿನವರು ಹತ್ತಬೇಕೋ ಬೇಡವೋ ಎಂದು ಚೀಲ ಹಿಡಿದು ಅಲ್ಲೇ ನಿಂತರು. ಬಸ್ಸಿನೊಳಗೆ ಸೀಟುಗಳೆಲ್ಲ ಖಾಲಿ, ಹೊರಗೆ ಅರ್ಧ ಪೇಟೆ.

ನನಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ: ಬೇಡವಂತೆ. ಸೀಟು ಕೊಟ್ಟರೂ ನನ್ನ ಬಸ್ಸು ಬೇಡ. ಅವನದೇ ಬೇಕು. ಕರೆದು ಕೂರು ಎಂದರೂ ಸಾಲು ಕಟ್ಟಿ ನಿಂತು ಅವನಿಗೆ ಕಾಯುತ್ತಾರೆ. ಇಷ್ಟು ಸಣ್ಣ ಮಕ್ಕಳಿಗೆ ಇಷ್ಟು ಹಟ ಕಲಿಸಿದ್ದಾನೆ ಪಾಪಿ. ನನ್ನ ಮೊಮ್ಮಗಳು ಸಾಲಿನ ನಡುವೆ ನಿಂತು ನನ್ನನ್ನೇ ನೋಡುತ್ತಿದ್ದಳು. ಅದು ಅಂಜಿಕೆಯೋ ಹಟವೋ ಎಂದು ನಾನು ನೋಡಲೇ ಇಲ್ಲ. ಮುಖ ತಿರುಗಿಸಿದೆ. ಹೊರಡುವ ಹೊತ್ತು ಮೀರಿತು. ಡ್ರೈವರು ಕನ್ನಡಿಯಲ್ಲಿ ಕಣ್ಣರಳಿಸಿದ. ನನ್ನ ಬಸ್ಸು ಸ್ಟಾಂಡಿನಲ್ಲಿ ಹೊತ್ತು ಮೀರಿ ನಿಂತದ್ದನ್ನು ಅವನು ಅದುವರೆಗೆ ನೋಡಿರಲಿಲ್ಲ.

ಹಿಂದೆ ಹಾರ್ನು ಕೇಳಿತು. ಆ ಹಾರ್ನು ನನಗೆ ಗೊತ್ತು. ಮದುವೆ ದಿಬ್ಬಣದ ಹಾಗೆ ಮೂರು ಸ್ವರ.

ಅವನು ಇಳಿದು ಬಂದ. ಸಾಲನ್ನು ನೋಡಿದ, ಖಾಲಿ ಬಸ್ಸನ್ನು ನೋಡಿದ, ಕಂಡಕ್ಟರು ಇನ್ನೊಮ್ಮೆ “ಇರಿ ಮಕ್ಕಳೇ” ಎಂದು ಅಳುವ ಸ್ವರದಲ್ಲಿ ಹೇಳಿದ್ದನ್ನು ಕೇಳಿದ. ಸೊಂಟಕ್ಕೆ ಕೈ ಕೊಟ್ಟು ನಗಲು ಶುರುಮಾಡಿದವನು ಕೆಮ್ಮು ಬರುವವರೆಗೆ ನಕ್ಕ.

“ಓ ಗಂಟೆ! ಇಳಿ ಮಾರಾಯ ಇಳಿ. ನಿನ್ನ ಕಂಡಕ್ಟರು ಕೂರಿ ಅಂತಿದ್ದಾನೆ, ಈ ಮಕ್ಕಳ ಕಿವಿಗೆ ಅದು ನಿಲ್ಲಿ ಅಂತ ಬೀಳ್ತಾ ಉಂಟು. ಎರಡು ಭಾಷೆಗೂ ಒಂದೇ ಮಾತು. ಅದೂ ಈ ಮಾತನ್ನು ಇವಕ್ಕೆ ಇಷ್ಟು ವರ್ಷ ಬಾಯಿಪಾಠ ಮಾಡಿಸಿದ್ದು ಯಾರು? ನೀನೇ!”

ಅವನು ಮಕ್ಕಳ ಕಡೆ ತಿರುಗಿದ. ಅವರು ಆಗಲೇ ಅವನ ಬಸ್ಸಿನ ಕಡೆ ಹೆಜ್ಜೆ ಹಾಕಿದ್ದರು.

“ಅಲ್ಲಿಗಲ್ಲ. ಇದರಲ್ಲೇ ಸೀಟು ಉಂಟು, ನೋಡಿ ಎಷ್ಟುಂಟು. ಬಲೆ ಜೋಕುಲೆ, ಕುಲ್ಲುಲೆ.”

ಸಾಲು ಒಡೆದು ಮಕ್ಕಳೆಲ್ಲ ಒಮ್ಮೆಲೇ ನನ್ನ ಬಸ್ಸಿಗೆ ನುಗ್ಗಿದರು. ಹೀಗೆ ನನ್ನ ಬಸ್ಸು ತುಂಬಿತು. ಅವನು ಹೇಳಿದ್ದಕ್ಕೆ ತುಂಬಿತು. ನಾನು ಬೆಳಗಿನಿಂದ ಕಟ್ಟಿದ ಆಸೆಯನ್ನು ಅವನು ಚಾಕಲೇಟು ಹಂಚಿದ ಹಾಗೆ ಒಂದು ಮಾತಿನಲ್ಲಿ ಹಂಚಿಬಿಟ್ಟ. ಕೊಡುವಾಗಲಾದರೂ ಸ್ವಲ್ಪ ಮುಖ ಸಣ್ಣ ಮಾಡಬಾರದೇ? ಅದೂ ಇಲ್ಲ.

ಮೊಮ್ಮಗಳು ಹತ್ತಿದಳು. ನನ್ನ ಪಕ್ಕದ ಸೀಟು ಖಾಲಿ ಇತ್ತು. ನಾನು ಅದರ ಮೇಲಿನ ಕೈಚೌಕವನ್ನು ತೆಗೆದೆ. ಅವಳು ನೋಡಿದಳು, ನಕ್ಕಳು, ನನ್ನನ್ನು ದಾಟಿ ಹೋಗಿ ಗೆಳತಿಯರ ನಡುವೆ ಮೂರನೆಯವಳಾಗಿ ತುರುಕಿಕೊಂಡಳು. ಅವತ್ತು ಬುಧವಾರ. ಕಿಟಕಿ ಬೇರೆ ಯಾರದ್ದೋ.

ಆಮೇಲಿನ ದಿನಗಳಲ್ಲಿ ನನ್ನ ಬಸ್ಸಿಗೆ ಮಕ್ಕಳು ಹತ್ತತೊಡಗಿದರು. ಅಜ್ಜಿ ಕರೆದುಕೊಂಡು ಬಂದ ಒಂದನೇ ಕ್ಲಾಸಿನವರಿಂದ ಹಿಡಿದು ಮೀಸೆ ಚಿಗುರಿದ ಹುಡುಗರವರೆಗೆ. ಇಬ್ಬರ ಸೀಟಿಗೆ ಇಬ್ಬರೇ ಎಂಬ ನನ್ನ ನಿಯಮ ಒಂದೇ ದಿನ ಬಾಳಿತು. ಕಂಡಕ್ಟರನಿಗೆ ‘ಕೂತುಕೊಳ್ಳಿ’ ಎಂದು ಹೇಳಿಕೊಡಲು ನೋಡಿದೆ. ಅದು ಅವನ ನಾಲಿಗೆಯಲ್ಲಿ ತಿರುಗುವಷ್ಟರಲ್ಲಿ ಮಕ್ಕಳೇ ತಡೆದರು. ಅವರಿಗೆ ‘ಇರಿ’ಯೇ ಬೇಕಂತೆ. ಅವನು ಇರಿ ಎಂದಾಗ ಎಲ್ಲರೂ ಒಟ್ಟಿಗೆ “ಇದ್ದೇವೇ!” ಎಂದು ಕಿರುಚಿ ದಡಕ್ಕನೆ ಕೂರುವುದು ಒಂದು ಆಟವಾಯಿತು. ಮೂವತ್ತು ವರ್ಷ ಹಿಂದೆ ನಾನು ಬಸ್ಸಿನ ನೆತ್ತಿಯ ಮೇಲೆ ದೇವರ ಹೆಸರು ಬರೆಸಿದ್ದೆ. ಈಗ ಪೇಟೆಯಲ್ಲಿ ಅದನ್ನು ಯಾರೂ ಹೇಳುವುದಿಲ್ಲ. ‘ಇರಿ ಬಸ್ಸು’ ಹೋಯಿತಾ, ‘ಇರಿ ಬಸ್ಸು’ ಬಂತಾ ಎಂದೇ ಕೇಳುತ್ತಾರೆ. ನನಗೆ ಮೊದಲು ಕಸಿವಿಸಿಯಾಯಿತು. ಒಂದು ದಿನ ಚಹಾದಂಗಡಿಯಲ್ಲಿ ಅವನು, “ಅಲ್ಲ ಗಂಟೆ, ನನ್ನ ಬಸ್ಸಿಗೆ ಈ ಮಕ್ಕಳು ಒಂದು ಹೆಸರಿಡಲಿಲ್ಲ ನೋಡು,” ಎಂದ. ನಗುತ್ತಲೇ ಹೇಳಿದ್ದು. ಆದರೂ ಆ ನಗುವಿನ ಒಂದು ಮೂಲೆ ಸ್ವಲ್ಪ ಬಾಡಿತ್ತು. ಅಷ್ಟು ಸಾಕಾಯಿತು. ಆ ದಿನ ನಾನು ಎರಡು ಪತ್ರೊಡೆ ಹೆಚ್ಚು ತಿಂದೆ.

ಮೊಮ್ಮಗಳ ವಿಷಯ ಮಾತ್ರ ಇತ್ಯರ್ಥವಾಗಲಿಲ್ಲ. ಅವಳು ಕೆಲವು ದಿನ ನನ್ನ ಬಸ್ಸು, ಕೆಲವು ದಿನ ಅವನ ಬಸ್ಸು. ಯಾವುದಕ್ಕೆ ಹತ್ತಬೇಕೆಂದು ಹೇಗೆ ತೀರ್ಮಾನಿಸುತ್ತೀ ಎಂದು ಕೇಳಿದೆ.

“ಯಾವುದು ಮೊದಲು ಬರ್ತದೋ ಅದು ಅಜ್ಜ.”

ನ್ಯಾಯವಾದ ಮಾತು. ನಾನೇ ಹೇಳಬಹುದಾದ ಮಾತು. ಆದರೆ ಪೇಟೆಗೆ ಬರುವ ದಾರಿಯಲ್ಲೂ ಬೇರೆ ಶಾಲೆಗಳ ಮಕ್ಕಳನ್ನು ಹತ್ತಿಸಿ, ಇಳಿಸಿ, ಬ್ಯಾಗು ಹುಡುಕಿಕೊಟ್ಟು, ಕಂಡಕ್ಟರು ಸಣ್ಣವರನ್ನು ರಸ್ತೆ ದಾಟಿಸಿ ಬರುವುದರಲ್ಲಿ ನನ್ನ ಬಸ್ಸಿನ ಹೊತ್ತು ಅಲ್ಲಲ್ಲಿ ಸೋರಿ, ಒಂದೊಂದು ಟ್ರಿಪ್ಪಿನಲ್ಲಿ ಎರಡೂ ಬಸ್ಸು ಒಟ್ಟೊಟ್ಟಿಗೆ ಸ್ಟಾಂಡಿಗೆ ಬರುವಂತಾಗಿತ್ತು. ಆಗ ಅವಳು ಯಾವ ಕಡೆ ಹೆಜ್ಜೆ ಹಾಕುತ್ತಾಳೆ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ. ಈ ವಯಸ್ಸಿನಲ್ಲಿ ಇದು ಬೇಕಿತ್ತೇ ಎನ್ನಬಹುದು. ಬೇಕಿರಲಿಲ್ಲ. ಆದರೆ ನೋಡುತ್ತಿದ್ದೆ.

ಹೋದ ತಿಂಗಳು ಒಂದು ಸಂಜೆ ಎಡನೀರು ದಾಟುತ್ತಿದ್ದ ಹಾಗೆ ಹಿಂದಿನ ಚಕ್ರ ಪಂಕ್ಚರ್ ಆಯಿತು. ಸ್ಟೆಪ್ನಿ ತೆಗೆದು ಜಾಕು ಕೊಡುವಷ್ಟರಲ್ಲಿ ಆ ಮೂರು ಸ್ವರದ ಹಾರ್ನು ಬಂತು. ಅವನು ಬಸ್ಸು ನಿಧಾನ ಮಾಡಿ ಬಾಗಿಲಿನಿಂದ ತಲೆ ಹೊರಗೆ ಹಾಕಿದ.

“ಎಂತ ಗಂಟೆ, ಗಾಳಿ ಹೋಯ್ತಾ?”

“ಹೋಗು ನೀನು.”

“ಹೋಗ್ತೇನೆ ಹೋಗ್ತೇನೆ. ನಿನ್ನ ಮಕ್ಕಳನ್ನೂ ನಾನೇ ಕರ್ಕೊಂಡು ಹೋಗ್ತೇನೆ, ನೀನು ಆರಾಮಾಗಿ ಬಾ.”

ನಿನ್ನ ಮಕ್ಕಳು ಎಂದ. ಅದನ್ನು ಕೇಳಿ ಖುಷಿಯಾಗುವ ಮೊದಲೇ ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ರಸ್ತೆ ಬದಿ ನಿಂತು, ಅವನು ಸ್ಟಾಂಡಿಗೆ ಹೋಗುವುದನ್ನು, ಇಳಿಯುವುದನ್ನು, ಕೂಗುವುದನ್ನು, ಅವಳು ಬ್ಯಾಗನ್ನು ಬಾನೆಟ್ಟಿನ ಮೇಲೆ ಎಸೆಯುವುದನ್ನು ಒಂದೊಂದಾಗಿ ಮನಸ್ಸಿನಲ್ಲಿ ಕಂಡೆ. ಕಂಡಕ್ಟರನೂ ಡ್ರೈವರನೂ ನಟ್ಟು ಬಿಗಿಯುತ್ತಿದ್ದರು. ಬೇಗ ಮಾಡಿ ಎಂದು ನಾನು ಹೇಳಲಿಲ್ಲ. ಇನ್ನು ಬೇಗ ಮಾಡಿ ಎಂತ ಪ್ರಯೋಜನ?

ನಾವು ಪೇಟೆ ಮುಟ್ಟುವಾಗ ಅಂಗಡಿಗಳಲ್ಲಿ ದೀಪ ಹಾಕುತ್ತಿದ್ದರು. ಹಿಂದಿನ ಬಸ್ಸು ಹೋಗಿ ಬಹಳ ಹೊತ್ತಾಗಿತ್ತು. ಸ್ಟಾಂಡಿನಲ್ಲಿ ಯಾರೂ ಇರಲಾರರು ಎಂದು ಡ್ರೈವರು ನಿಲ್ಲಿಸದೆ ಹೋಗಲು ನೋಡಿದ. ನಾನು ಬೇಡ ಎಂದೆ. ನಿಲ್ಲಬೇಕಾದ ಜಾಗದಲ್ಲಿ ನಿಲ್ಲಲೇಬೇಕು.

ಶೆಡ್ಡಿನಡಿ ಐದಾರು ಹುಡುಗಿಯರು ಬ್ಯಾಗಿನ ಮೇಲೆ ಕುಳಿತು ಕಡಲೆ ತಿನ್ನುತ್ತಿದ್ದರು. ಅವಳೂ ಇದ್ದಳು. ಕಂಬದ ಹಿಂದೆ ಅಲ್ಲ, ಮುಂದೆ.

ನಾನು ಬಾಗಿಲಿಗೆ ಬಂದೆ. “ಎಂತ, ಅವನ ಬಸ್ಸು ಬರಲಿಲ್ಲವಾ?”

“ಬಂತಲ್ಲ.”

“ಮತ್ತೆ ಹೋಗಲಿಲ್ಲ ಯಾಕೆ? ಮನೆಯಲ್ಲಿ ಅಮ್ಮ ಹೆದರುವುದಿಲ್ಲವಾ?”

“ಅಮ್ಮನಿಗೆ ಫ್ಯಾನ್ಸಿ ಅಂಗಡಿಯಿಂದ ಫೋನು ಮಾಡಿ ಹೇಳಿದ್ದೇನೆ.” ಅವಳು ಎದ್ದು ಲಂಗದ ಧೂಳು ಕೊಡವಿದಳು. “ದಿನಾ ಇರಿ ಇರಿ ಅಂತೀರಲ್ಲ ಅಜ್ಜ. ಹಾಗೆ ಇದ್ದೆವು.”

ಗೆಳತಿಯರು ಕಿಸಕ್ಕನೆ ನಕ್ಕರು. ಕಂಡಕ್ಟರು ಕೈ ಒರೆಸಿಕೊಂಡು, “ಇರಿ ಮಕ್ಕಳೇ, ಇರಿ,” ಎಂದ. ಎಲ್ಲರೂ “ಇದ್ದೇವೇ” ಎನ್ನುತ್ತಾ ಹತ್ತಿ ಕೂತರು. ಅವಳು ಮೂರನೆಯವಳಾಗಿ ತುರುಕಿಕೊಂಡಳು. ನಾನು ನನ್ನ ಜಾಗಕ್ಕೆ ಹೋಗಿ ಕುಳಿತೆ. ಡಬಲ್ ಬೆಲ್ ಬಿತ್ತು.

ಅವನ ಬಸ್ಸಿನಲ್ಲಿ ಅವತ್ತು ಸೀಟು ಇತ್ತೋ, ಇಲ್ಲ ಕಾಲಿಡಲು ಜಾಗವಿಲ್ಲದಷ್ಟು ತುಂಬಿತ್ತೋ, ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಈವರೆಗೂ ಕೇಳಿಲ್ಲ. ಕೇಳಿದರೆ ಹೇಳಿಬಿಡುತ್ತಾಳೆ, ಆ ಹುಡುಗಿಗೆ ಸುಳ್ಳು ಹೇಳಲು ಬರುವುದಿಲ್ಲ.